ಪ, ಬ, ಮ ಇಲ್ಲದೆ ಬರೆದ ಮಕ್ಕಳು

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಪ್ರಯೋಗಶೀಲ ಬರವಣಿಗೆ ಕಲಿಸುತ್ತೇನೆ. ಬ್ಯಾಂಕಿಗೆ ರಜೆ ಇರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಬೆಳಗಿನ ಕೊನೆಯ ಎರಡು ಪಿರಿಯಡ್‌ಗಳನ್ನು ಶಾಲೆಯವರು ನನಗೆ ಬಿಟ್ಟುಕೊಟ್ಟಿದ್ದಾರೆ. ಇದನ್ನು ಕೇಳಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಆ ಮಕ್ಕಳು ತಪ್ಪಿಲ್ಲದೆ ಒಂದು ಅರ್ಜಿ ಬರೆಯಲು ಕಲಿತರೆ ಸಾಕಾಗಿದೆ, ಅವರಿಗೆ ಪ್ರಯೋಗ ಯಾಕೆ?"

ಮೊದಲ ವಾರ ನಾನು ಸಾಮಾನ್ಯ ವಿಷಯವನ್ನೇ ಕೊಟ್ಟಿದ್ದೆ, 'ಮಳೆಗಾಲದ ಒಂದು ದಿನ'. ವಡಾಲ, ಅಂಟಾಪ್ ಹಿಲ್, ಸಾಯನ್ ಕಡೆಯ ಮಕ್ಕಳು ಇವರು. ಜುಲೈ ಬಂತೆಂದರೆ ಇವರ ಗಲ್ಲಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಮನೆಯೊಳಗೆ ನೀರು ನುಗ್ಗುವ ಮೊದಲೇ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಡುತ್ತಾರೆ, ರೇಷನ್ ಕಾರ್ಡು, ಆಧಾರ್ ಕಾರ್ಡು, ಶಾಲೆಯ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ಆದರೆ ನನ್ನ ಮೇಜಿನ ಮೇಲೆ ಬಂದು ಬಿದ್ದ ನೋಟುಪುಸ್ತಕಗಳಲ್ಲಿ ನವಿಲು ಗರಿಬಿಚ್ಚಿ ಕುಣಿಯುತ್ತಿತ್ತು, ರೈತನ ಮೊಗದಲ್ಲಿ ಮಂದಹಾಸ ಮೂಡಿತ್ತು, ಭೂತಾಯಿ ಹಸಿರು ಸೀರೆ ಉಟ್ಟಿದ್ದಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲವೂ ಇದ್ದವು. ಅಕ್ಷರ ದುಂಡಗಿತ್ತು, ಕಾಗುಣಿತದ ತಪ್ಪುಗಳು ಕಡಿಮೆ. ಆ ಮಗು ಮಾತ್ರ ಎಲ್ಲೂ ಇರಲಿಲ್ಲ.

ಇದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ. ಇವರಲ್ಲಿ ಕೆಲವರ ಮನೆಯಲ್ಲಿ ವಿಜಯಪುರ, ಕಲಬುರಗಿಯ ಕನ್ನಡ. ಕೆಲವರ ಮನೆಯಲ್ಲಿ ತುಳು. ಒಂದಿಬ್ಬರ ಮನೆಯಲ್ಲಿ ಲಂಬಾಣಿ. ಗಲ್ಲಿಗೆ ಇಳಿದರೆ ಹಿಂದಿ, ಅಂಗಡಿಯಲ್ಲಿ ಮರಾಠಿ. ಪುಸ್ತಕದ ಕನ್ನಡ ಇವರಿಗೆ ಸಿಗುವುದು ಪುಣೆಯ ಬಾಲಭಾರತಿ ಅಚ್ಚು ಹಾಕಿದ ಪಠ್ಯದಲ್ಲಿ ಮತ್ತು ಶಾಲೆಯ ನಾಲ್ಕು ಗೋಡೆಗಳೊಳಗೆ. ಹಾಗಾಗಿ ಬರೆಯುವ ಕನ್ನಡವೆಂದರೆ ಸಿದ್ಧವಾಗಿ ದೊರೆಯುವ ವಾಕ್ಯಗಳು ಎಂದೇ ಇವರು ತಿಳಿದಿದ್ದಾರೆ. "ನಿನಗೆ ಅನ್ನಿಸಿದ್ದನ್ನು ಬರೆ" ಎಂದು ಹೇಳಿ ನೋಡಿ, ಮಗು ನೇರವಾಗಿ ನವಿಲಿನ ಬಳಿಗೇ ಹೋಗುತ್ತದೆ. ಆ ದಾರಿಯನ್ನು ಮುಚ್ಚಬೇಕಾದರೆ ಕಟ್ಟುನಿಟ್ಟಾದ ನಿಯಮ ಬೇಕು, ಆ ನಿಯಮ ವಿಚಿತ್ರವಾಗಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಬಲವಾದ ನಂಬಿಕೆ.

ನಿಷೇಧಾಕ್ಷರಿಯಿಂದ ಶುರುಮಾಡಿದೆ. ಎಂಟು ಮಂದಿಯ ಸವಾಲುಗಳನ್ನು ಒಟ್ಟಿಗೇ ಎದುರಿಸುತ್ತಾ ಪದ್ಯ ಕಟ್ಟುವ ಅಷ್ಟಾವಧಾನವನ್ನು ನೋಡಿದವರಿಗೆ ಇದು ಗೊತ್ತು: ಅವಧಾನಿ ಪದ್ಯ ಕಟ್ಟುತ್ತಾ ಒಂದು ಅಕ್ಷರ ಹೇಳಿದ ಕೂಡಲೇ ಮುಂದೆ ಯಾವ ಅಕ್ಷರ ಬರಬಹುದೆಂದು ಊಹಿಸಿ, ಸವಾಲು ಹಾಕುವ ಪೃಚ್ಛಕರು ಅದನ್ನೇ ನಿಷೇಧಿಸುತ್ತಾರೆ. ಅವಧಾನಿ ಬೇರೆ ದಾರಿ ಹುಡುಕಬೇಕು. ತರಗತಿಗೆ ಇದನ್ನು ಸ್ವಲ್ಪ ಸಡಿಲಗೊಳಿಸಿ ಅಕ್ಷರದ ಬದಲು ಪದಕ್ಕೆ ಹೊಂದಿಸಿಕೊಂಡೆವು. ಒಬ್ಬರು ಹಲಗೆಯ ಮೇಲೆ ಒಂದು ಪದ ಬರೆಯುವುದು, ಮುಂದಿನ ಪದ ಯಾವ ಅಕ್ಷರದಿಂದ ಆರಂಭವಾಗಬಾರದು ಎಂದು ಉಳಿದವರು ಕೂಗಿ ಹೇಳುವುದು.

ಹುಡುಗನೊಬ್ಬ 'ಮಳೆಯಲ್ಲಿ' ಎಂದು ಬರೆದ. ಹಿಂದಿನ ಬೆಂಚಿನಿಂದ "ನೆ ಬೇಡ!" ಎಂದರು. ನೆನೆಯುವ ಹಾಗಿಲ್ಲ. ಅವನು ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತು 'ಒಣಗಿದ' ಎಂದು ಬರೆದ. ತರಗತಿಯಲ್ಲಿ ಗದ್ದಲ. "ಬ ಬೇಡ!" ಬಟ್ಟೆಯೂ ಹೋಯಿತು. 'ಗಂಟಲು' ಎಂದ. "ನೀ ಬೇಡ!" ಎಂದು ನೀರನ್ನೂ ಕಿತ್ತುಕೊಂಡರು. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಇಷ್ಟು: 'ಮಳೆಯಲ್ಲಿ ಒಣಗಿದ ಗಂಟಲು ಯಾರನ್ನೋ ಕರೆಯಿತು.' ಬರೆದವನಿಗೇ ನಂಬಿಕೆ ಬರಲಿಲ್ಲ. "ಇದು ನಾನು ಬರೆದದ್ದಲ್ಲ ಟೀಚರ್, ಇವರೆಲ್ಲ ಬರೆಯಿಸಿದ್ದು" ಎಂದ. ಯಾರನ್ನು ಕರೆಯಿತು ಎಂದು ಹುಡುಗಿಯೊಬ್ಬಳು ಕೇಳಿದಳು. ಆ ಪ್ರಶ್ನೆಗೆ ಉತ್ತರವಾಗಿ ಒಂದು ಪುಟ ಬರೆದು ತರಲು ಎಲ್ಲರಿಗೂ ಹೇಳಿದೆ. ಬಂದ ಪುಟಗಳಲ್ಲಿ ನವಿಲು ಇರಲಿಲ್ಲ. ತೆರೆದ ಮ್ಯಾನ್‌ಹೋಲ್ ಇತ್ತು, ಕೈ ತಪ್ಪಿಸಿಕೊಂಡ ತಮ್ಮ ಇದ್ದ, ನೀರಿನಲ್ಲಿ ತೇಲಿಹೋದ ಒಂದು ಚಪ್ಪಲಿ ಇತ್ತು.

ಇದಾದ ಮೇಲೆ ತುಟಿ ತಾಗದ ಬರವಣಿಗೆಗೆ ಬಂದೆವು. ಪ, ಫ, ಬ, ಭ, ಮ ಹೇಳುವಾಗ ತುಟಿಗಳು ಕೂಡುತ್ತವೆ, ಇವು ಓಷ್ಠ್ಯಾಕ್ಷರಗಳು. ಇವುಗಳನ್ನು ಬಿಟ್ಟು ಬರೆಯುವುದನ್ನು ನಮ್ಮ ಹಳೆಯ ಕವಿಗಳು ನಿರೋಷ್ಠ್ಯ ಎಂದು ಕರೆದು, ಶಬ್ದಚಮತ್ಕಾರದ ಚಿತ್ರಕಾವ್ಯದ ಸಾಲಿಗೆ ಸೇರಿಸಿದ್ದರು. ಸಂಸ್ಕೃತ ಕವಿ ದಂಡಿಯ ದಶಕುಮಾರಚರಿತದಲ್ಲಿ ತುಟಿಗೆ ಗಾಯವಾದ ಮಂತ್ರಗುಪ್ತ ತನ್ನ ಇಡೀ ಕಥೆಯನ್ನು ಹೀಗೆಯೇ ಹೇಳುತ್ತಾನೆ. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳಿದವು. ತುಟಿ ಕೂಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಅರ್ಧ ತರಗತಿ ತುಟಿಗಳ ನಡುವೆ ಪೆನ್ಸಿಲ್ ಇಟ್ಟುಕೊಂಡು ಗುಣುಗುಟ್ಟತೊಡಗಿತು. 'ಸಂಜೆ'ಯ ಸೊನ್ನೆ ನಡೆಯುತ್ತದೆಯೇ ಎಂಬ ಚರ್ಚೆ ಎದ್ದಿತು. ಪೆನ್ಸಿಲ್ ಅಲುಗಲಿಲ್ಲ, ನಡೆಯುತ್ತದೆ ಎಂದು ತೀರ್ಮಾನವಾಯಿತು. ವರ್ಗೀಯ ವ್ಯಂಜನಗಳನ್ನು ವರ್ಷವಿಡೀ ಬಾಯಿಪಾಠ ಮಾಡಿಸಿದರೂ ಇಷ್ಟು ಚೆನ್ನಾಗಿ ತಲೆಗೆ ಹೋಗಿರಲಿಲ್ಲ ಎಂದು ಕನ್ನಡದ ಸರ್ ಆಮೇಲೆ ಹೇಳಿದರು.

ಈ ನಿಯಮದಲ್ಲಿ ಕನ್ನಡದ ಏನೇನು ಕೈಬಿಡುತ್ತದೆ ನೋಡಿ. ಅಮ್ಮ, ಅಪ್ಪ, ಮನೆ, ಮಳೆ, ಮುಂಬಯಿ, ಬಸ್ಸು ಯಾವುದೂ ಇಲ್ಲ. 'ನಮ್ಮ' ಇಲ್ಲ, ಹಾಗಾಗಿ 'ನಮ್ಮ ದೇಶ', 'ನಮ್ಮ ಶಾಲೆ' ಎಂದು ಆರಂಭಿಸುವಂತಿಲ್ಲ. 'ಪ್ರತಿಯೊಬ್ಬ ಮನುಷ್ಯನ ಜೀವನದಲ್ಲಿ' ಎಂಬ ಪೀಠಿಕೆ ಬಾಗಿಲಲ್ಲೇ ನಿಲ್ಲುತ್ತದೆ. ಪ್ರೀತಿ, ಮಮತೆ, ಪ್ರಕೃತಿ, ಮಹತ್ವ ಎಲ್ಲಕ್ಕೂ ತಡೆ. ನನಗೆ ಬಹಳ ಸಂತೋಷ ಕೊಟ್ಟದ್ದು 'ಮತ್ತು', 'ತುಂಬಾ', 'ಬಹಳ' ಈ ಮೂರೂ ಒಟ್ಟಿಗೆ ಹೊರಬಿದ್ದದ್ದು. ಇವು ಮೂರಿಲ್ಲದಿದ್ದರೆ ಹದಿನಾಲ್ಕು ವರ್ಷದ ಮಗುವಿನ ವಾಕ್ಯ ತಾನಾಗಿ ಬಿಗಿಯಾಗುತ್ತದೆ. ನಾನು ಕೆಂಪು ಪೆನ್ನು ಹಿಡಿಯುವ ಅಗತ್ಯವೇ ಬರುವುದಿಲ್ಲ.

ಮೊದಲ ಸುತ್ತಿನಲ್ಲಿ 'ವ'ಕಾರಕ್ಕೆ ಅನುಮತಿ ಇತ್ತು. ಅದು ದಂತೋಷ್ಠ್ಯ, ಕೆಳತುಟಿಗೆ ಹಲ್ಲು ತಾಗುತ್ತದೆ, ತುಟಿಗೆ ತುಟಿ ತಾಗುವುದಿಲ್ಲ. ವಿಜಯಪುರ, ಕಲಬುರಗಿಯ ಮಕ್ಕಳಿಗೆ ಇದರಿಂದ ಅನುಕೂಲವಾಯಿತು, ಅವರು ಧಾರಾಳವಾಗಿ 'ಅವ್ವ' ಎಂದು ಬರೆದರು. ತುಳು ಮನೆಗಳ ಮಕ್ಕಳಿಗೆ ಇದು ಸರಿ ಕಾಣಲಿಲ್ಲ. "ನಮಗೆ ಅಮ್ಮನೂ ಇಲ್ಲ, ಅಪ್ಪೆಯೂ ಇಲ್ಲ, ಅವರಿಗೆ ಮಾತ್ರ ಅವ್ವ ಇದ್ದಾಳೆ" ಎಂದು ತಕರಾರು ಎತ್ತಿದರು. ಮತ ಹಾಕಿಸಿದೆವು. ಎರಡನೆಯ ಸುತ್ತಿನಲ್ಲಿ 'ವ'ಕಾರಕ್ಕೂ ಬೀಗ ಬಿತ್ತು. ಅದರೊಂದಿಗೆ ಅವನು, ಅವಳು, ಅವರು, ನಾವು ಎಲ್ಲರೂ ಹೊರಗಾದರು. ಉಳಿದದ್ದು ಮುಖ್ಯವಾಗಿ ನಾನು, ನೀನು, ಅದು, ಇದು.

'ತಾಯಿ' ಎಂದು ಬರೆಯಬಹುದಿತ್ತು. ಕಲಬುರಗಿ ಕಡೆಯ ಹುಡುಗಿಯೊಬ್ಬಳಿಗೆ ಹಾಗೆಂದು ಸೂಚಿಸಿದೆ. "ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ ಟೀಚರ್" ಎಂದು ತಲೆಯಾಡಿಸಿ ಕಿಟಕಿಯ ಬಳಿ ಹೋಗಿ ಕುಳಿತಳು. ಪಿರಿಯಡ್ ಮುಗಿಯುವ ಹೊತ್ತಿಗೆ ತಂದುಕೊಟ್ಟದ್ದು ಇದು:

'ನನಗೆ ಅನ್ನ ಇಕ್ಕಿದ ಕೈ ನಸುಕಿನಲ್ಲಿ ನಾಲ್ಕಕ್ಕೆ ಏಳುತ್ತದೆ. ಒಲೆ ಹಚ್ಚುತ್ತದೆ. ರೊಟ್ಟಿ ತಟ್ಟುತ್ತದೆ. ಆ ಸದ್ದಿಗೇ ನಾನು ಏಳುತ್ತೇನೆ. ಆರಕ್ಕೆ ಆ ಕೈ ಇನ್ಯಾರದೋ ಅಡುಗೆಕೋಣೆಯಲ್ಲಿ ತಟ್ಟೆ ತೊಳೆಯುತ್ತದೆ. ಸಂಜೆ ಸೀರೆಗೆ ಒರೆಸಿಕೊಂಡು ನನ್ನ ಕೂದಲಿಗೆ ಎಣ್ಣೆ ಹಚ್ಚುತ್ತದೆ. ಅದರ ಗೆರೆಗಳಲ್ಲಿ ಇನ್ನೂ ಜೋಳದ ಹಿಟ್ಟಿದೆ.'

ಅವ್ವ ಎನ್ನುವಂತಿಲ್ಲ, ಅವಳು ಎನ್ನುವಂತಿಲ್ಲ. ಆದ್ದರಿಂದ ಕೈಯೇ ಕರ್ತೃವಾಯಿತು. ವಾತ್ಸಲ್ಯ, ತ್ಯಾಗ, ಕಷ್ಟ ಎಂಬ ಒಂದು ಪದವೂ ಇಲ್ಲಿಲ್ಲ. ಇದೇ ಹುಡುಗಿ ಹಿಂದಿನ ವರ್ಷ 'ತಾಯಿಯೇ ದೇವರು' ಎಂಬ ಪ್ರಬಂಧಕ್ಕೆ ಬಹುಮಾನ ಪಡೆದಿದ್ದಳು. ಆ ಪ್ರಬಂಧವನ್ನೂ ನಾನು ಓದಿದ್ದೇನೆ. ಅದರಲ್ಲಿ ಜೋಳದ ಹಿಟ್ಟು ಇರಲಿಲ್ಲ.

ಫ್ರೆಂಚರ ವಿಷಯ ಹೇಳಿದ್ದು ಇದೆಲ್ಲ ಆದ ಮೇಲೆ. 1960ರಲ್ಲಿ ಪ್ಯಾರಿಸ್ಸಿನಲ್ಲಿ ರೇಮೋಂ ಕೆನೋ ಮತ್ತು ಫ್ರಾನ್ಸ್ವಾ ಲ ಲಿಯೋನೆ ಸೇರಿ 'ಉಲಿಪೊ' ಎಂಬ ಗುಂಪು ಕಟ್ಟಿದರು. ನಿಯಮಗಳನ್ನು ಹೊಸದಾಗಿ ಹುಟ್ಟಿಸಿ ಅವುಗಳೊಳಗೆ ಬರೆಯುವ ಲೇಖಕರು, ಗಣಿತಜ್ಞರು ಅಲ್ಲಿದ್ದರು. ಅವರಲ್ಲಿ ಜಾರ್ಜ್ ಪೆರೆಕ್ ಎಂಬವನು 1969ರಲ್ಲಿ, ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ 'e' ಅಕ್ಷರವೇ ಇಲ್ಲದ ಇಡೀ ಕಾದಂಬರಿ ಬರೆದ. ಅವನ ತಂದೆ 1940ರ ಯುದ್ಧದಲ್ಲಿ ಸತ್ತಿದ್ದ. ತಾಯಿಯನ್ನು 1943ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಿದ್ದರು, ಆಕೆ ಮರಳಲಿಲ್ಲ. ಇದನ್ನು ಹೇಳಿ ಮುಗಿಸುವ ಮೊದಲೇ ಮುಂದಿನ ಬೆಂಚಿನ ಹುಡುಗ "ಅದಕ್ಕೇ ಅಕ್ಷರ ಬಿಟ್ಟದ್ದೇ?" ಎಂದು ಕೇಳಿದ. ಹಾಗೆ ಓದುವವರು ಬಹಳ ಮಂದಿ ಇದ್ದಾರೆ ಎಂದೆ. ಆಟವೆಂದು ಕಾಣುವ ನಿಯಮದೊಳಗೆ ದುಃಖಕ್ಕೂ ಜಾಗವಿದೆ ಎಂಬುದು ಅವರಿಗೆ ಹೊಳೆದದ್ದು ಆಗ.

ಪತ್ರಿಕೆ ಕತ್ತರಿಸುವ ಆಟವನ್ನೂ ಆಡಿದೆವು. ಕವಿ ಟ್ರಿಸ್ಟಾನ್ ಝಾರಾ 1920ರಲ್ಲಿ ಹೇಳಿಕೊಟ್ಟ ವಿಧಾನ ಅದು: ಸುದ್ದಿಯೊಂದರ ಪದಗಳನ್ನು ಕತ್ತರಿಸಿ, ಚೀಲದಲ್ಲಿ ಹಾಕಿ ಕುಲುಕಿ, ಕೈಗೆ ಬಂದ ಕ್ರಮದಲ್ಲಿ ಜೋಡಿಸುವುದು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಂಡಿರುವುದರಿಂದ ಪದ ಎಲ್ಲಿ ಬಿದ್ದರೂ ತನ್ನ ಕೆಲಸ ಮರೆಯುವುದಿಲ್ಲ. 'ಸಮುದ್ರದಿಂದ ಶಾಸಕರು ಈರುಳ್ಳಿಯನ್ನು ಉದ್ಘಾಟಿಸಿದರು' ಎಂಬ ವಾಕ್ಯ ವ್ಯಾಕರಣದ ಪ್ರಕಾರ ಅಚ್ಚುಕಟ್ಟು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಹೆಚ್ಚು ಹೊತ್ತು ಇದರಲ್ಲಿ ನಿಲ್ಲಬಾರದು ಎಂದು ನನ್ನ ಅಭಿಪ್ರಾಯ. ನಗು ಬೇಗ ಸಿಗುತ್ತದೆ, ಕೈಗೆ ಕೆಲಸ ಸಿಗುವುದಿಲ್ಲ.

ಕಾಗದ ಮಡಿಸಿ ಒಬ್ಬರ ನಂತರ ಒಬ್ಬರು ಬರೆಯುವ ಆಟ ಇದಕ್ಕಿಂತ ಒಳ್ಳೆಯದು. ಅಲ್ಲಿ ಕನ್ನಡದ್ದೇ ಆದ ತೊಡಕೊಂದಿದೆ. ಮೊದಲಿನವರು ಬರೆದ ಕರ್ತೃಪದ ಮುಚ್ಚಿರುತ್ತದೆ, ಕೊನೆಯವರು ಕ್ರಿಯಾಪದ ಬರೆಯಬೇಕು. ಬಂದನೋ, ಬಂದಳೋ, ಬಂತೋ ತಿಳಿಯುವುದು ಹೇಗೆ? ಮಕ್ಕಳೇ ಪರಿಹಾರ ಕಂಡುಕೊಂಡರು. ಕಾಗದದ ಅಂಚಿನಲ್ಲಿ ಕಡ್ಡಿ ಗೀಚಿದರೆ ಪುಲ್ಲಿಂಗ, ಸುತ್ತು ಹಾಕಿದರೆ ಸ್ತ್ರೀಲಿಂಗ, ಚುಕ್ಕಿ ಇಟ್ಟರೆ ನಪುಂಸಕ.

ಹಾರ್ಬರ್ ಲೈನ್ ಎಂಬ ಲೋಕಲ್ ರೈಲು ಮಾರ್ಗದಲ್ಲಿ ನಡೆಸಿದ ಪಾಠಕ್ಕೆ ಪಾಲಕರ ಒಪ್ಪಿಗೆ ಪತ್ರ ಬೇಕಾಯಿತು. ಝಾಕ್ ಜುವೆ ಎಂಬ ಫ್ರೆಂಚ್ ಕವಿ ಪ್ಯಾರಿಸ್ಸಿನ ಮೆಟ್ರೊದಲ್ಲಿ ಕವಿತೆ ಬರೆಯಲು ಒಂದು ನಿಯಮ ಮಾಡಿಕೊಂಡಿದ್ದ: ಗಾಡಿ ಓಡುತ್ತಿರುವಾಗ ಸಾಲನ್ನು ಮನಸ್ಸಿನಲ್ಲಿ ಕಟ್ಟಬೇಕು, ನಿಲ್ದಾಣದಲ್ಲಿ ನಿಂತಾಗ ಮಾತ್ರ ಕಾಗದಕ್ಕೆ ಇಳಿಸಬೇಕು. ಲೋಕಲ್ ಗಾಡಿಯ ಊರಿನಲ್ಲಿರುವ ಕನ್ನಡ ಮಕ್ಕಳಿಗೆ ಇದಕ್ಕಿಂತ ಹೊಂದುವ ನಿಯಮ ಇನ್ನೊಂದಿಲ್ಲ. ಭಾನುವಾರ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಶುರುವಾಗುವ ಮೊದಲೇ, ಡಬ್ಬಿಗಳು ಖಾಲಿ ಇರುವ ಹೊತ್ತಿಗೆ, ವಡಾಲ ರೋಡಿನಲ್ಲಿ ಹತ್ತಿದೆವು. ಕನ್ನಡದ ಸರ್ ಮತ್ತು ಪಿ.ಟಿ. ಟೀಚರ್ ಜೊತೆಗಿದ್ದರು. ಶಿವಡಿ, ಕಾಟನ್ ಗ್ರೀನ್, ರೇ ರೋಡ್, ಡಾಕ್‌ಯಾರ್ಡ್ ರೋಡ್, ಸ್ಯಾಂಡ್‌ಹರ್ಸ್ಟ್ ರೋಡ್, ಮಸ್ಜಿದ್, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ): ಏಳು ನಿಲ್ದಾಣ, ಏಳು ಸಾಲು.

ಗಾಡಿ ನಿಲ್ಲುವುದು ಕ್ಷಣಕಾಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ತುದಿಗೆ. ಪೆನ್ನು ಅಲ್ಲಿಗೆ ಮುಟ್ಟುವ ಮೊದಲೇ ಗಾಡಿ ಹೊರಡುತ್ತಿತ್ತು, ನಿಯಮದ ಪ್ರಕಾರ ಪೆನ್ನು ಎತ್ತಲೇಬೇಕು. ಹೀಗಾಗಿ ಹಲವರ ಸಾಲುಗಳು ಕ್ರಿಯಾಪದವಿಲ್ಲದೆ ಉಳಿದವು. 'ಕಿಟಕಿಯ ಸರಳುಗಳ ನಡುವೆ ನಾಲ್ಕು ತುಂಡಾದ ನನ್ನ ಮುಖ', 'ಹಳಿಯ ಪಕ್ಕದ ಗುಡಿಸಲಿನ ಟಿ.ವಿ.ಯಲ್ಲಿ ನಮ್ಮದೇ ಧಾರಾವಾಹಿ', 'ಕಬ್ಬಿಣದ ಕ್ರೇನಿನ ಮೇಲೆ ಕುಳಿತ ಕಾಗೆಗೆ ಸಮುದ್ರ'. ಮೂರನೆಯ ಸಾಲು ಬರೆದ ಹುಡುಗಿ 'ಕಾಣುತ್ತದೆ' ಎಂದು ಸೇರಿಸಲು ಆಮೇಲೆ ಅನುಮತಿ ಕೇಳಿದಳು. ಬೇಡವೆಂದು ಅವಳ ಗೆಳತಿಯರೇ ತಡೆದರು. ಕನ್ನಡದ ಸರ್ ಕೂಡ ಒಂದು ಕಾಗದ ಕೇಳಿ ಪಡೆದು ಬರೆದರು. ಎಲ್ಲರಿಗಿಂತ ಕೊನೆಯಲ್ಲಿ, ಪ್ಲಾಟ್‌ಫಾರ್ಮಿನ ಗಡಿಯಾರದ ಕೆಳಗೆ ನಿಂತು ಓದಿ ತೋರಿಸಿದರು.

ನಾನು ಹೆಚ್ಚು ಎಚ್ಚರದಿಂದ ಕೊಟ್ಟ ಕೆಲಸವೆಂದರೆ, ಕಥೆಯನ್ನು ಕಥೆಯಲ್ಲದ ರೂಪದೊಳಗೆ ಬರೆಯುವುದು. ದಿನಸಿ ಚೀಟಿ, ಹೋಟೆಲಿನ ಬಿಲ್ಲು, ರೈಲ್ವೆ ಪ್ರಕಟಣೆ, ಶಾಲೆಯ ಹಾಜರಿ ಪುಸ್ತಕ, ಏನಾದರೂ ಆಗಬಹುದು. ಹಾಜರಿ ಪುಸ್ತಕದಲ್ಲಿ ಒಬ್ಬಳು ಮದುವೆಯಾಗಿ ಊರಿಗೆ ಹೋದ ಅಕ್ಕನ ಕಥೆ ಬರೆದಳು, ಜೂನ್ ತಿಂಗಳ ಚೌಕಗಳು ತುಂಬಿದ್ದವು, ನವೆಂಬರಿನಲ್ಲಿ ಬರೀ ಗೈರುಹಾಜರಿ. ಹುಡುಗನೊಬ್ಬ ಪ್ರಶ್ನೆಪತ್ರಿಕೆಯ ರೂಪ ಆರಿಸಿಕೊಂಡ. ಬಲಗಡೆ ಅಂಕಗಳನ್ನು ಸರಿಯಾಗಿ ನಮೂದಿಸಿದ್ದ:

ಬಿಟ್ಟ ಸ್ಥಳ ತುಂಬಿರಿ. (ಅಂಕ 2)
ಅಪ್ಪ ಊರಿಗೆ ಹೋದದ್ದು ________ ಹಬ್ಬದ ಮರುದಿನ.
ಬರುವಾಗ ನನಗೆ ________ ತರುತ್ತೇನೆ ಎಂದಿದ್ದರು.

ಸರಿಯೋ ತಪ್ಪೋ ತಿಳಿಸಿ. (ಅಂಕ 1)
ಫೋನ್ ಸ್ವಿಚ್ ಆಫ್ ಆಗಿದ್ದರೆ ಚಾರ್ಜ್ ಇಲ್ಲ ಎಂದರ್ಥ.

ಒಂದು ವಾಕ್ಯದಲ್ಲಿ ಉತ್ತರಿಸಿರಿ. (ಅಂಕ 1)
ಬಾಡಿಗೆ ಕೇಳಲು ಬಂದವರಿಗೆ ಅಕ್ಕ ಏನು ಹೇಳಿದಳು?

ಸಂದರ್ಭ ಸಹಿತ ವಿವರಿಸಿರಿ. (ಅಂಕ 4)
"ಅವರು ನಾಳೆ ಬರುತ್ತಾರೆ."

ಓದಿದ ಮೇಲೆ ಅವನನ್ನು ವರಾಂಡಕ್ಕೆ ಕರೆದು, ಇದನ್ನು ತರಗತಿಯಲ್ಲಿ ಓದಬಹುದೇ ಎಂದು ಕೇಳಿದೆ. ಹೆಸರು ಹೇಳದೆ ಓದಿ ಎಂದ. ಹಾಗೆಯೇ ಓದಿದೆ. ಉತ್ತರ ಬರೆಯಲು ಯಾರಿಗೂ ಹೇಳಲಿಲ್ಲ. ಮನೆಯ ಪರಿಸ್ಥಿತಿಯ ಬಗ್ಗೆ ಅವನ ತರಗತಿ ಶಿಕ್ಷಕಿಗೆ, ಅವನ ಒಪ್ಪಿಗೆ ಪಡೆದು, ಪ್ರತ್ಯೇಕವಾಗಿ ತಿಳಿಸಿದೆ. ಅವರು ಅಕ್ಕನನ್ನು ಕರೆಸಿ ಮಾತನಾಡಿದರು. ಇಂಥ ತರಗತಿ ನಡೆಸುವವರು ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು ಎಂದು ಒತ್ತಿ ಹೇಳುತ್ತೇನೆ. ರೂಪದ ಮರೆ ಸಿಕ್ಕಾಗ ಮಕ್ಕಳು ಬಾಯಿಬಿಟ್ಟು ಹೇಳದ್ದನ್ನು ಬರೆಯುತ್ತಾರೆ. ಬರೆದದ್ದು ಅವರ ಸ್ವತ್ತು. ಯಾರು ಓದಬೇಕು, ಗೋಡೆಪತ್ರಿಕೆಗೆ ಹಾಕಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವ ಹಕ್ಕೂ ಅವರದೇ. ಪ್ರತಿ ಪುಟದ ಮೂಲೆಯಲ್ಲಿ 'ಓದಬಹುದು', 'ಟೀಚರ್ ಮಾತ್ರ' ಎಂದು ಅವರೇ ಬರೆದು ಕೊಡುವ ಕ್ರಮ ಆಮೇಲೆ ಕಾಯಂ ಆಯಿತು.

ಗಣಿತದ ಸರ್ ಕೂಡ ನಮ್ಮೊಡನೆ ಸೇರಿಕೊಂಡದ್ದನ್ನು ಹೇಳಲೇಬೇಕು. ಕೆನೋ 1961ರಲ್ಲಿ ಹತ್ತು ಸಾನೆಟ್‌ಗಳನ್ನು ಪ್ರಕಟಿಸಿ, ಪ್ರತಿಯೊಂದರ ಹದಿನಾಲ್ಕು ಸಾಲುಗಳನ್ನೂ ಬೇರೆಬೇರೆ ಪಟ್ಟಿಗಳಾಗಿ ಕತ್ತರಿಸಿಟ್ಟ. ಯಾವ ಸಾಲನ್ನು ಯಾವುದರ ಜೊತೆ ಓದಿದರೂ ಸಾನೆಟ್ ಆಗುತ್ತದೆ. ಹೀಗೆ ನೂರು ಲಕ್ಷ ಕೋಟಿ ಪದ್ಯಗಳು. ನಾವು ಮೂರು ಸಾಲಿನ ಪದ್ಯಕ್ಕೆ ಇಳಿದೆವು. ತ್ರಿಪದಿಯ ಗಣಗಳನ್ನು ಕೇಳಲಿಲ್ಲ, ಪ್ರತಿ ಸಾಲಿನ ಎರಡನೆಯ ಅಕ್ಷರ 'ಲ್ಲ' ಒತ್ತಿನದಾಗಿರಬೇಕು ಎಂದಷ್ಟೇ ನಿಯಮ. ಗಲ್ಲಿ, ಚಿಲ್ಲರೆ, ಕಲ್ಲು, ಹಲ್ಲು, ಬಿಲ್ಲು, ಸೊಲ್ಲು ಎಂದು ಹಲಗೆ ತುಂಬಿತು. ಹತ್ತು ಪದ್ಯ ಬರೆದು ಪಟ್ಟಿ ಕತ್ತರಿಸಿದಾಗ ಸಾವಿರ ಪದ್ಯಗಳಾದವು. ಹತ್ತರ ಘಾತ ಮೂರು ಎಂದರೆ ಏನೆಂದು ವಿವರಿಸಲು ಗಣಿತದ ಸರ್ ಇಡೀ ಕಟ್ಟನ್ನು ತಮ್ಮ ಪಿರಿಯಡ್‌ಗೆ ಒಯ್ದರು.

ವರ್ಷದ ಕೊನೆಗೆ ಮುಖ್ಯೋಪಾಧ್ಯಾಯಿನಿ ಕರೆದು, "ಮೇಡಂ, ಮುಂದಿನ ವರ್ಷ ಇವರು ಎಸ್‌ಎಸ್‌ಸಿ ಬೋರ್ಡಿಗೆ ಕೂರುವವರು. ಇದಕ್ಕೆ ಏನಾದರೂ ಮೌಲ್ಯಮಾಪನ ಬೇಡವೇ?" ಎಂದರು. ಕಾಳಜಿಯಿಂದಲೇ ಕೇಳಿದ ಮಾತು. ಅಂಕ ಕೊಡಲು ನಾನು ಒಪ್ಪಲಿಲ್ಲ. ಎರಡು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ ಎಂದೆ: ಒಪ್ಪಿಕೊಂಡ ನಿಯಮವನ್ನು ಕೊನೆಯವರೆಗೂ ಪಾಲಿಸಲಾಗಿದೆಯೇ? ಈ ತರಗತಿಯಲ್ಲಿ ಬೇರೆ ಯಾರೂ ಬರೆಯಲಾಗದ ಒಂದು ವಾಕ್ಯವಾದರೂ ಇದರಲ್ಲಿದೆಯೇ? ಕಾಗುಣಿತ ತಿದ್ದುವುದು ಎಲ್ಲ ಮುಗಿದ ಮೇಲೆ, ಗೋಡೆಪತ್ರಿಕೆಗೆ ನಕಲು ಮಾಡುವಾಗ. ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣ ಎಲ್ಲವನ್ನೂ ಆಗ ಕೂತು ಸರಿಪಡಿಸುತ್ತೇವೆ. ತಾವೇ ಬರೆದ ವಾಕ್ಯ ಅಂದವಾಗಿ ಕಾಣಬೇಕೆಂಬ ಆಸೆ ಆ ಹೊತ್ತಿಗೆ ಅವರಿಗೇ ಬಂದಿರುತ್ತದೆ. ಬೋರ್ಡಿನ ಪ್ರಬಂಧಕ್ಕೆ ಬೇಕಾದ ಪೀಠಿಕೆ, ಉಪಸಂಹಾರವನ್ನು ಕನ್ನಡದ ಸರ್ ಎಂದಿನಂತೆ ಕಲಿಸುತ್ತಾರೆ. ಮಕ್ಕಳು ಅದನ್ನೂ ಈಗ ಒಂದು ನಿಯಮವೆಂದು ಪರಿಗಣಿಸಿ ಬರೆಯುತ್ತಾರೆ.

ಹತ್ತನೆಯ ತರಗತಿಗೆ ಹೋದವರು ಈ ಜೂನ್‌ನಲ್ಲಿ ಹೊಸ ಒಂಬತ್ತನೆಯವರಿಗೆಂದು ತಾವೇ ಕೆಲವು ನಿಯಮಗಳನ್ನು ಬರೆದುಕೊಟ್ಟಿದ್ದಾರೆ. ಅದರಲ್ಲಿ ಒಂದು: ನಿಮ್ಮ ಮನೆಯಲ್ಲಿ ಆಡುವ ಎಲ್ಲ ಭಾಷೆಗಳಿಂದ ಒಂದೊಂದು ಪದ ಪ್ರತಿ ವಾಕ್ಯದಲ್ಲೂ ಬರಬೇಕು, ಅರ್ಥವನ್ನು ಆವರಣದಲ್ಲಿ ಕೊಡುವಂತಿಲ್ಲ, ಓದುವವರಿಗೆ ವಾಕ್ಯದಿಂದಲೇ ತಿಳಿಯಬೇಕು. ಲಂಬಾಣಿ ಮನೆಯ ಹುಡುಗ ಇದನ್ನು ಸೂಚಿಸಿದವನು. ಬರುವ ಶನಿವಾರ ಅವನೇ ಬಂದು ಅದನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಾನೆ.